ಆಲೆಮನೆಯಲ್ಲಿ ಬೆಂದ ಸ್ವೆಟರು

ನಾನು ಅನುಮಾನದ ಮನುಷ್ಯ. ನನ್ನ ಹೆಂಡತಿ ಸರೋಜ ಇದನ್ನು ಕಾಯಿಲೆ ಎನ್ನುತ್ತಾಳೆ, ನಾನು ಎಚ್ಚರ ಎನ್ನುತ್ತೇನೆ. ಹಾಲಿನವನು ಹಾಲಿಗೆ ನೀರು ಬೆರೆಸುತ್ತಾನೆ ಎಂದು ಲೋಕವೆಲ್ಲ ಅನುಮಾನಿಸುತ್ತದೆ. ನಾನು ಅಲ್ಲಿಗೇ ನಿಲ್ಲುವುದಿಲ್ಲ. ಆ ನೀರಿಗೆ ಏನು ಬೆರೆಸಿದ್ದಾನೋ ಎಂದೂ ಅನುಮಾನಿಸುತ್ತೇನೆ!

ಇಂಥ ನನ್ನ ಮನೆಗೆ ಒಬ್ಬ ಸೇಲ್ಸ್‌ಮನ್ ನೀರಿನ ಫಿಲ್ಟರ್ ಹಿಡಿದುಕೊಂಡು ಬಂದ. ಬಂದದ್ದು ತಪ್ಪಲ್ಲ. ತಮಿಳುನಾಡಿನ ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ನೀರಿಗೆ ಫಿಲ್ಟರ್ ಬೇಕೇ ಬೇಕು. ಸುತ್ತಮುತ್ತ ನೂಲಿಗೆ ಬಣ್ಣ ಹಾಕುವ ಶೆಡ್ಡುಗಳಿವೆ. ಈ ವಾರ ಮಾರುಕಟ್ಟೆಯಲ್ಲಿ ಯಾವ ಬಣ್ಣದ ಸೀರೆಗೆ ಗಿರಾಕಿ ಹೆಚ್ಚು ಎಂಬುದನ್ನು ನಮ್ಮ ಬೋರ್‌ವೆಲ್ ನೀರು ನೋಡಿಯೇ ಹೇಳಬಹುದು.

ಆತ ಫಿಲ್ಟರ್ ಬಿಚ್ಚಿ, ಒಳಗಿನಿಂದ ಕರಿಯ ಬಟ್ಟೆಯ ತುಂಡೊಂದನ್ನು ತೆಗೆದು ತೋರಿಸಿದ.

"ಸಾರ್, ಇದು ಸಾದಾ ಇದ್ದಿಲಲ್ಲ. ಆಕ್ಟಿವೇಟೆಡ್ ಕಾರ್ಬನ್ ಫೈಬರ್. ಅಕ್ರಿಲಿಕ್ ನೂಲಿಂದ ಮಾಡೋದು. ಸ್ವೆಟರ್ ನೂಲು ಇರ್ತದಲ್ಲ, ಅದೇ."

"ನೂಲಿಂದಾನಾ?" ನನ್ನ ಕಿವಿ ನೆಟ್ಟಗಾಯಿತು. "ಎಂಗೆ ಮಾಡ್ತಾರೆ?"

"ಮೊದಲು ಗಾಳಿಯಲ್ಲಿ ಮೆಲ್ಲಗೆ ಹುರೀತಾರೆ. ಆಮೇಲೆ ಗಾಳಿ ತಾಕದಂಗೆ ಮುಚ್ಚಿ ಕೆಂಪಗೆ ಕಾಯಿಸ್ತಾರೆ. ನೂಲು ನೂಲಾಗೇ ಇದ್ದು ಕರಿಯಾಗ್ತದೆ. ಆಮೇಲೆ ಕಾದ ಹಬೆ ಬಿಡ್ತಾರೆ. ಹಬೆ ಎಳೆಯ ಮೈತುಂಬ ಕಣ್ಣಿಗೆ ಕಾಣದ ತೂತು ಕೊರೀತದೆ. ನೀರಿನ ಬಣ್ಣ, ವಾಸನೆ ಎಲ್ಲಾ ಹೋಗಿ ಆ ತೂತಿಗೆ ಸಿಕ್ಕಿ ಹಾಕಿಕೊಳ್ತದೆ ಸಾರ್."

ಆತ ಬೆಲೆ ಹೇಳಿದ. ನಾನು ಬಾಗಿಲು ತೋರಿಸಿದೆ.

ನಮ್ಮ ವಂಶ ತಲೆತಲಾಂತರದಿಂದ ನೂಲು ಬಿಟ್ಟು ಬೇರೇನನ್ನೂ ಮುಟ್ಟಿದ್ದಿಲ್ಲ. ನಾನು ಇವತ್ತಿಗೂ ರೇಷ್ಮೆ ಪಂಚೆ ನೇಯುವವನು. ಅಂಥ ನಾನು, ಯಾರೋ ನೂಲು ಸುಟ್ಟು ಮಾಡಿದ ಚಿಂದಿಗೆ ದುಡ್ಡು ಕೊಡುವುದೇ? ಹುರಿಯುವುದು, ಸುಡುವುದು, ಹಬೆಯಲ್ಲಿ ಬೇಯಿಸುವುದು. ಇದು ಕಾರ್ಖಾನೆಯ ಕೆಲಸವೋ, ಬದನೆಕಾಯಿ ಗೊಜ್ಜೋ? ಅಂದು ಸಂಜೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ನಾನು ಐತಿಹಾಸಿಕ ನಿರ್ಧಾರವೊಂದನ್ನು ಕೈಗೊಂಡೆ. ಆಕ್ಟಿವೇಟೆಡ್ ಕಾರ್ಬನ್ ಫೈಬರನ್ನು ನಾನೇ ತಯಾರಿಸತಕ್ಕದ್ದು!

ಫೋನಿನಲ್ಲಿ ವಿಡಿಯೋ ನೋಡಿದೆ. ಕನ್ನಡಕ ಹಾಕಿದವನೊಬ್ಬ ಗಾಜಿನ ಕೊಳವೆಗಳ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ನನಗೆ ತಿಳಿದದ್ದು 'ಸ್ಲೋಲಿ' ಮತ್ತು 'ಡೇಂಜರ್' ಎಂಬ ಎರಡೇ ಮಾತು. ಸ್ಲೋಲಿ ಎಂದರೆ ತಾಳ್ಮೆ ಬೇಕು ಎಂದು ಅರ್ಥ ಮಾಡಿಕೊಂಡೆ. ಡೇಂಜರ್ ಎನ್ನುವುದು ಹೊಸಬರನ್ನು ಹೆದರಿಸಿ ಓಡಿಸಲು ಕಂಪನಿಯವರು ಹೂಡಿದ ತಂತ್ರವಿರಬೇಕು ಎಂದು ಅನುಮಾನಿಸಿದೆ.

ವಿಷಯವನ್ನು ಯಾರಿಗೂ ಹೇಳಲಿಲ್ಲ. ಸರೋಜಳಿಗೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಪಕ್ಕದ ಮನೆಗೆ ಗೊತ್ತಾಗುತ್ತದೆ. ಪಕ್ಕದ ಮನೆಯವರಿಗೆ ಗೊತ್ತಾದರೆ ನಾಳೆ ಬೆಳಿಗ್ಗೆ ಅವರ ಬಾಗಿಲಿಗೆ ಫ್ಯಾಕ್ಟರಿ ಬೋರ್ಡು ಬೀಳುತ್ತದೆ. ನನಗೆ ಈ ಬೀದಿಯ ಬಗ್ಗೆ ಚೆನ್ನಾಗಿ ಗೊತ್ತು!

ನೂಲಿನ ಅಂಗಡಿಗೆ ಹೋಗಿ ಅಕ್ರಿಲಿಕ್ ಕೇಳಿದೆ. ಅಂಗಡಿಯವನು ಒಂದು ಉಂಡೆ ಕೊಟ್ಟು, "ಅಸಲಿ ಅಕ್ರಿಲಿಕ್" ಎಂದು ಕಣ್ಣು ಮುಟ್ಟಿಕೊಂಡು ಆಣೆ ಮಾಡಿದ. ನಾನು ಅವನ ತಕ್ಕಡಿಯನ್ನು ಅನುಮಾನಿಸಿದೆ. ಚಿಲ್ಲರೆಯನ್ನು ಅನುಮಾನಿಸಿ ಎರಡು ಸಲ ಎಣಿಸಿದೆ. ನೂಲನ್ನು ಮಾತ್ರ ಅನುಮಾನಿಸಲಿಲ್ಲ.

ಸರೋಜ ರೇಷನ್ ಅಂಗಡಿಗೆ ಹೋದ ಸಮಯ ನೋಡಿ ಒಲೆಯ ಮೇಲೆ ದೋಸೆಕಲ್ಲು ಇಟ್ಟೆ. ಅದು ಅವಳ ತಾಯಿ ಕೊಟ್ಟ ಕಬ್ಬಿಣದ ಕಲ್ಲು. ಆ ಕಲ್ಲಿನ ಮೇಲೆ ಚಪಾತಿ ಸುಟ್ಟರೂ ಅವಳಿಗೆ ಆಗುವುದಿಲ್ಲ. ನಾನು ನೂಲು ಹರಡಿದೆ. ನೂಲು ಮೊದಲು ಹಳದಿಯಾಗಬೇಕು, ಆಮೇಲೆ ಕಂದು, ಆಮೇಲೆ ಕಪ್ಪು. ನನ್ನ ನೂಲು ಇದ್ಯಾವುದೂ ಆಗಲಿಲ್ಲ. ಕರಗಿ ನೀರಾಯಿತು. ನೀರು ಗೋಂದಾಯಿತು. ಗೋಂದು ದೋಸೆಕಲ್ಲೇ ಆಗಿಹೋಯಿತು!

ಅದು ಪಾಲಿಯೆಸ್ಟರ್ ನೂಲು.

ಚಾಕುವಿನಿಂದ ಕೆರೆಯುತ್ತಿದ್ದಾಗ ಸರೋಜ ಹಿಂದೆ ಬಂದು ನಿಂತಳು.

"ಎನ್ನಂಗ ಇದು?"

ನನ್ನ ಹೆಂಡತಿ ಕನ್ನಡದಲ್ಲೇ ಪ್ರೀತಿಸುತ್ತಾಳೆ, ಕನ್ನಡದಲ್ಲೇ ಬೈಯುತ್ತಾಳೆ. ಅನುಮಾನ ಬಂದಾಗ ಮಾತ್ರ, ಏನಿದು ಎಂದು ಕೇಳಲೂ ಅವಳ ಬಾಯಿಂದ ತಮಿಳು ಹೊರಡುತ್ತದೆ. ನಾನು ಜಾಗ್ರತೆಯಾದೆ.

"ದ್ವಾಸೆ," ಎಂದೆ.

ಅವಳು ಸೌಟಿನ ತುದಿಯಿಂದ ಅದನ್ನು ಎಬ್ಬಿದಳು. ಅದು ಎಳೆ ಎಳೆಯಾಗಿ ಅವಳ ಮೂಗಿನವರೆಗೂ ಎದ್ದು ಬಂತು.

"ದ್ವಾಸೆ ಯಾಕೆ ನೂಲು ಬಿಡ್ತೈತೆ?"

ಆ ವಾರವೆಲ್ಲ ನಮ್ಮ ಮನೆಯಲ್ಲಿ ಉಪ್ಪಿಟ್ಟು.

ಆದರೆ ವಿಜ್ಞಾನ ಒಂದು ದೋಸೆಕಲ್ಲಿಗೆ ನಿಲ್ಲುವಂಥದ್ದೇ? ಅಸಲಿ ಅಕ್ರಿಲಿಕ್ ಎಲ್ಲಿ ಸಿಗುತ್ತದೆ ಎಂದು ಯೋಚಿಸಿದೆ. ಏರ್ಕಾಡಿನ ಚಳಿಗೆ ಜನ ಸ್ವೆಟರ್ ಹಾಕುತ್ತಾರೆ. ಹಳತಾದ ಸ್ವೆಟರುಗಳು ಬೆಟ್ಟ ಇಳಿದು ನಮ್ಮ ಪೇಟೆಯ ಹಳೇ ಬಟ್ಟೆ ಗುಡ್ಡೆಗೆ ಬಂದು ಬೀಳುತ್ತವೆ. ಗುಡ್ಡೆಯ ಮುಂದೆ ಕೂತು, ಒಂದೊಂದರಿಂದಲೂ ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಪರೀಕ್ಷಿಸಿದೆ. ಮಾರುವವಳು ನನ್ನನ್ನು ಹುಚ್ಚನೆಂದುಕೊಂಡಳು. ಇರಲಿ. ಈ ಸಲ ಮೋಸ ಹೋಗಲಿಲ್ಲ. ಒಂದು ಗೋಣಿಚೀಲ ತುಂಬಿಸಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಸರೋಜ ಚೀಲ ಬಿಚ್ಚಿದಳು. ಎಲ್ಲಕ್ಕಿಂತ ಮೇಲಿದ್ದದ್ದು ಒಂದು ಗುಲಾಬಿ ಬಣ್ಣದ ಹೆಂಗಸರ ಸ್ವೆಟರು. ಎದೆಯ ಹತ್ತಿರ ಬಿಳಿ ಹೂವಿನ ಕಸೂತಿ. ಚೆನ್ನಾಗಿಯೇ ಇತ್ತು. ಅದೇ ತೊಂದರೆಯಾದದ್ದು.

"ಯಾರುದುಂಗ ಇದು?" ಯಾರದು ಎಂದು ಮತ್ತೆ ತಮಿಳಿನಲ್ಲಿ ಕೇಳಿದಳು.

"ಯಾರುದೂ ಅಲ್ಲ," ಎಂದೆ.

ಮದುವೆಯಾದ ಗಂಡಸು ಹೆಂಡತಿಗೆ ಕೊಡಬಾರದ ಉತ್ತರಗಳಲ್ಲಿ ಇದಕ್ಕೆ ಮೊದಲ ಸ್ಥಾನ!

"ಸೇಲಂ ಬಿಸಿಲಾಗೆ ಎಂಗಸಿನ ಸ್ವೆಟರ್ ನಿಮ್ಗೆ ಯಾತಕ್ಕೆ?"

"ಸುಡಕ್ಕೆ."

"ಸುಡಕ್ಕಾ?" ಅವಳು ಸ್ವೆಟರನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ನನ್ನನ್ನೂ ಒಮ್ಮೆ ಮೂಸಿದಳು. "ಯಾಕೆ ಸುಡ್ಬೇಕು? ಯಾರಾನ ನೋಡ್ಬುಡ್ತಾರೆ ಅಂತಾನಾ?"

ಈಗಲಾದರೂ ನಿಜ ಹೇಳಬಹುದಿತ್ತು. ಹೇಳಿದೆ ಕೂಡ. ಈ ಸ್ವೆಟರನ್ನು ಸುಟ್ಟು, ಅದರಲ್ಲಿ ಕಣ್ಣಿಗೆ ಕಾಣದ ತೂತು ಮಾಡಿ, ಅದರಿಂದ ನೀರು ಶುದ್ಧ ಮಾಡುತ್ತೇನೆ ಎಂದೆ. ನಿಜ ಹೇಳುವಾಗಲೇ ನನಗೆ ಗೊತ್ತಾಯಿತು, ಇದಕ್ಕಿಂತ ಸುಳ್ಳೇ ವಾಸಿ ಎಂದು. ಅವಳು ಸ್ವೆಟರನ್ನು ಚೀಲಕ್ಕೆ ಎಸೆದಳು. "ಇಂಥ ಕತೆ ಕಟ್ಟೋದು ಯಾವಾಗ ಕಲ್ತ್ರಿ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಸ್ವೆಟರನ್ನು ಕೆಂಪಗೆ ಕಾಯಿಸಲು ಅಡುಗೆಮನೆಯ ಒಲೆ ಸಾಲದು. ದೊಡ್ಡ ಬೆಂಕಿ ಬೇಕು. ಸರೋಜಳ ತಮ್ಮ ಮಾದೇಶ ಮಗ್ಗ ಮಾರಿ, ಪಾಪಿರೆಡ್ಡಿಪಟ್ಟಿ ಹತ್ತಿರ ಕಬ್ಬು ಹಾಕಿ, ಹೊಲದಲ್ಲೇ ಬೆಲ್ಲ ಕಾಯಿಸುವ ಆಲೆಮನೆ ಇಟ್ಟಿದ್ದಾನೆ. ಅವನ ಒಲೆ ಉರಿಯಲು ಶುರುವಾದರೆ ಹತ್ತಿರ ಹೋದವನ ಹುಬ್ಬು ಸುಡುತ್ತದೆ. ಅವನಿಗೆ ಫೋನು ಮಾಡಿದೆ.

"ಮಾದೇಶ, ಒಂದಿನ ನಿನ್ನ ಒಲೆ ಬೇಕಿತ್ತಪ್ಪ."

ಅವನು ತಗ್ಗಿದ ದನಿಯಲ್ಲಿ, "ಯಾಕೆ ಬಾವ, ಅಕ್ಕ ಅಡಿಗೆ ಮಾಡಾಕಿಲ್ವಾ?" ಎಂದು ಕೇಳಿದ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೊರಟೆ. ಒಂದು ಕೈಯಲ್ಲಿ ಸ್ವೆಟರಿನ ಚೀಲ. ಇನ್ನೊಂದು ಕೈಯಲ್ಲಿ ಹಳೆ ಪೇಂಟಿನ ಕಬ್ಬಿಣದ ಡ್ರಮ್ಮು. ಅದರೊಳಗೆ ಕೆಟ್ಟುಹೋದ ಫ್ರಿಜ್ಜಿನಿಂದ ಬಿಚ್ಚಿದ ತಾಮ್ರದ ಪೈಪು, ಮತ್ತು ಟವೆಲಿನಲ್ಲಿ ಸುತ್ತಿದ ಮನೆಯ ಪ್ರೆಶರ್ ಕುಕ್ಕರ್. ಹಬೆಗೆ ಕುಕ್ಕರ್ ಬೇಕಲ್ಲ! ಮಾದೇಶನ ಊರಿನ ಮೇಲೆ ಹೋಗುವ ಅರೂರಿನ ಬಸ್ಸು ಹತ್ತಿ ಕೂತರೆ, ಮುಂದಿನ ಬಾಗಿಲಿನಿಂದ ಸರೋಜ ಹತ್ತಿದಳು.

"ನೀನೆಲ್ಲಿಗೆ?"

"ಕುಕ್ಕರ್ ಎಲ್ಲಿಗೆ ಓಗ್ತೈತೋ ನಾನೂ ಅಲ್ಲಿಗೆ."

ಅವಳು ಬಂದದ್ದು ಕುಕ್ಕರಿಗಾಗಿ ಅಲ್ಲ ಎಂಬುದು ನನಗೆ ಗೊತ್ತಿತ್ತು. ಆ ಕಡೆ ಗುಲಾಬಿ ಬಣ್ಣ ಯಾರಿಗೆ ಒಪ್ಪುತ್ತದೆ ಎಂದು ನೋಡಲು ಬಂದಿದ್ದಳು. ಮಂಜವಾಡಿ ಘಾಟಿ ದಾಟುವವರೆಗೂ ದಾರಿಯಲ್ಲಿ ಹತ್ತಿದ ಒಂದೊಂದು ಹೆಂಗಸನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು.

ಆಲೆಮನೆ ಎಂದರೆ ನಾಲ್ಕು ಕಂಬದ ಮೇಲೆ ಗರಿ ಹೊದಿಸಿದ ಚಪ್ಪರ, ಅಷ್ಟೆ. ಗೋಡೆ ಇಲ್ಲ. ನಡುವೆ ನೆಲದಲ್ಲಿ ತೋಡಿದ ದೊಡ್ಡ ಒಲೆ, ಅದರ ಮೇಲೆ ಕೊಪ್ಪರಿಗೆ, ಕೊಪ್ಪರಿಗೆಯಲ್ಲಿ ನೊರೆ ಎದ್ದು ಕುದಿಯುವ ಕಬ್ಬಿನ ಹಾಲು. ಮಾದೇಶ ಒಲೆಗೆ ಒಣ ಸಿಪ್ಪೆ ತಳ್ಳುತ್ತಿದ್ದವನು ನಮ್ಮನ್ನು ಕಂಡು ಎದ್ದು ಬಂದ. ಮೊದಲು ಡ್ರಮ್ಮು ನೋಡಿದ. ಪೈಪು ನೋಡಿದ. ಕುಕ್ಕರ್ ನೋಡಿದ. ಆಮೇಲೆ ಅಕ್ಕನನ್ನು ಪಕ್ಕಕ್ಕೆ ಕರೆದು, "ಬಾವುಂಗೆ ಯಾರಾನ ಸಾಮಿಗೋಳು ಚಿನ್ನ ಮಾಡೋದ್ ಯೋಳಿಕೊಟ್ಟವ್ರಾ?" ಎಂದು ಕೇಳಿದ್ದು ನನಗೂ ಕೇಳಿಸಿತು.

ಕೆಲಸದಲ್ಲಿ ಉತ್ತರ ಕೊಡೋಣ ಎಂದು ಸ್ವೆಟರುಗಳನ್ನು ಒಲೆಯ ಹೊಗೆಗಂಡಿಯ ಪಕ್ಕ ಕಂಬಿಯ ಮೇಲೆ ನೇತುಹಾಕಿದೆ. ಬೆಂಕಿ ತಾಕದೆ ಬಿಸಿ ಗಾಳಿ ಮಾತ್ರ ತಾಕುವ ಜಾಗ. ಸ್ಲೋಲಿ! ಮಧ್ಯಾಹ್ನ ತಿರುಗುವವರೆಗೆ ಕಾದೆ. ಗುಲಾಬಿ ಹಳದಿಯಾಯಿತು. ಹಳದಿ ಕಂದಾಯಿತು. ಕಂದು ಕಪ್ಪಾಯಿತು. ಕರಗಲಿಲ್ಲ! ಹತ್ತಿಕೊಂಡು ಉರಿಯಲಿಲ್ಲ! ವಿಡಿಯೋದಲ್ಲಿ ಆದದ್ದು ನನ್ನ ಕೈಯಲ್ಲಿ ಆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕಣ್ಣು ತುಂಬಿ ಬಂತು. ಸ್ವಲ್ಪ ಹೊಗೆಯಿಂದ, ಉಳಿದದ್ದು ಹೆಮ್ಮೆಯಿಂದ.

ಕಪ್ಪಾದ ಸ್ವೆಟರುಗಳನ್ನು ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು, ಸುತ್ತ ಹಸಿಮಣ್ಣು ಮೆತ್ತಿ, ಒಲೆಯ ಬಾಯೊಳಗೆ ನೂಕಿದೆ. ಹೊರಗೆ ಮೂರು ಕಲ್ಲು ಹೂಡಿ ಕುಕ್ಕರ್ ಇಟ್ಟು, ಅದರ ಸೀಟಿಯ ಜಾಗದಿಂದ ಡ್ರಮ್ಮಿಗೆ ತಾಮ್ರದ ಪೈಪು ಎಳೆದೆ. ಸಂದಿಗೆ ಮಗ್ಗದ ನೂಲು ಸುತ್ತಿದೆ. ಡ್ರಮ್ಮಿನಿಂದ ಹೊಗೆ ಹೊರಬರಲು ಇನ್ನೊಂದು ಪೈಪು. ಆ ಹೊಗೆ ತಣ್ಣಗಾಗಲಿ ಎಂದು ಅದಕ್ಕೆ ಒದ್ದೆ ಗೋಣಿ ಸುತ್ತಿ, ತುದಿಯಲ್ಲಿ ಒಂದು ಬಕೆಟ್ ಇಟ್ಟೆ. ಕುಕ್ಕರ್ ಕುದಿಯಿತು. ಪೈಪಿನ ತುದಿಯಿಂದ ಕಂದು ನೀರು ಟಪ್, ಟಪ್ ಎಂದು ಬಕೆಟ್ಟಿಗೆ ತೊಟ್ಟಿಕ್ಕತೊಡಗಿತು.

ಕಬ್ಬಿನ ಹೊಲದ ನಡುವೆ, ಮಣ್ಣು ಮೆತ್ತಿದ ಡ್ರಮ್ಮು, ತಾಮ್ರದ ಪೈಪು, ಒದ್ದೆ ಗೋಣಿ, ತೊಟ್ಟಿಕ್ಕುವ ಬಕೆಟ್ಟು. ಇದು ನೋಡುವವರಿಗೆ ಯಾವ ಕಸುಬಿನ ಹಾಗೆ ಕಾಣುತ್ತದೆ ಎಂಬುದು ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ!

ಮೊದಲು ಮೇಕೆ ಹೊಡೆದುಕೊಂಡು ಒಬ್ಬ ಮುದುಕಿ ಬಂದಳು. ನಿಂತಳು. "ಏನಪ್ಪ ಮಾಡ್ತಿದ್ದೀಯಾ?" ಎಂದಳು.

ಇವಳು ಯಾರ ಕಡೆಯವಳೋ ಯಾರಿಗೆ ಗೊತ್ತು! ನಾನು ತಟ್ಟನೆ ಇನ್ನೊಂದು ಗೋಣಿ ತೆಗೆದು ಬಕೆಟ್ಟಿನ ಮೇಲೆ ಮುಚ್ಚಿ, "ಏನೂ ಇಲ್ಲ ಅಜ್ಜಿ, ಸುಮ್ನೆ," ಎಂದೆ. ಅವಳು ತಲೆಯಾಡಿಸಿ, ಬಂದದ್ದಕ್ಕಿಂತ ಎರಡು ಪಟ್ಟು ಬೇಗ ಊರ ಕಡೆ ಹೋದಳು. ಮೇಕೆಗಳು ಹಿಂದೆ ಓಡಿದವು.

ಸ್ವಲ್ಪ ಹೊತ್ತಿಗೆ ಗಂಡಸರು ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬ ಕಳೆದುಹೋದ ಹಸು ಹುಡುಕಿಕೊಂಡು ಬಂದ. ಇನ್ನೊಬ್ಬ ಅದೇ ಹಸುವನ್ನು ಬೇರೆ ಬಣ್ಣ ಹೇಳಿ ಹುಡುಕಿಕೊಂಡು ಬಂದ. ಎಲ್ಲರೂ ಹುಣಸೆಮರದ ನೆರಳಲ್ಲಿ ಕೂತರು. ಎಲ್ಲರ ಬಗಲಲ್ಲೂ ಟವೆಲು, ಟವೆಲಿನೊಳಗೆ ಖಾಲಿ ಬಾಟಲಿ. ನಾನು ಬಕೆಟ್ಟಿನ ಗೋಣಿಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದೆ. ಇವರಲ್ಲಿ ಒಬ್ಬನಾದರೂ ಫಿಲ್ಟರ್ ಕಂಪನಿಯ ಗೂಢಚಾರ! ಬಾಟಲಿ ತಂದದ್ದು ನೀರು ಪರೀಕ್ಷೆ ಮಾಡಲು!

ಕೊನೆಗೆ ಹಸುವಿನವನು ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತ. ಬಹಳ ಮರ್ಯಾದೆಯಿಂದ ಕೇಳಿದ.

"ಅಣ್ಣಾ, ಎಷ್ಟೊತ್ತಾಯ್ತದೆ?"

"ಸಂಜೆ ಆಗ್ಬೋದು. ಅವಸರ ಮಾಡಿದ್ರೆ ಮಾಲು ಕೆಡ್ತದೆ."

"ಸರಿ, ಸರಿ. ಅವಸರ ಬ್ಯಾಡ." ಅವನು ಎಂಜಲು ನುಂಗಿದ. "ಸ್ಟ್ರಾಂಗಾ?"

ಪರವಾಗಿಲ್ಲ, ಇವನಿಗೂ ವಿಜ್ಞಾನ ಸ್ವಲ್ಪ ಗೊತ್ತು ಎಂದುಕೊಂಡೆ. "ಸ್ಟ್ರಾಂಗ್ ಅಂದ್ರೆ? ಒಂದು ಕೊಡ ನೀರಿಗೆ ಒಂದು ಇಡಿ ಸಾಕು."

ಅವನು ಮರದ ಕಡೆ ತಿರುಗಿ ಈ ಸುದ್ದಿಯನ್ನು ಕೈಸನ್ನೆಯಲ್ಲೇ ತಿಳಿಸಿದ. ಮರದ ಕೆಳಗಿನವರೆಲ್ಲ ಗೌರವದಿಂದ ನೆಟ್ಟಗೆ ಕೂತರು.

"ಅಂಗಾದ್ರೆ ಊರಿಗೆಲ್ಲಾ ಆಯ್ತದೆ!"

"ಊರಿಗೇನು, ಜಿಲ್ಲೆಗೇ ಆಯ್ತದೆ. ಆದ್ರೆ ಮೊದಲು ಮನೆ ಎಂಗಸ್ರಿಗೆ ಕೊಡ್ಬೇಕು ಅಂತ ನನ್ನಾಸೆ. ಮಕ್ಕಳು ದಿನಾ ಕುಡೀಬೇಕು. ಬೆಳಿಗ್ಗೆ ಎದ್ದ ತಕ್ಷಣ ಕುಡೀಬೇಕು."

ಅವನು ಎದ್ದು ನಿಂತ. ನನ್ನನ್ನು ನೋಡುತ್ತಾ ಹಿಂದಕ್ಕೆ ನಡೆದು ಮರ ಸೇರಿದ. ಇಂಥ ಮನುಷ್ಯನನ್ನು ಅವನು ಹಿಂದೆ ಕಂಡಿರಲಿಲ್ಲ ಎಂದು ಕಾಣುತ್ತದೆ.

ಅಷ್ಟರಲ್ಲಿ ವಾಸನೆ ಏರಿತು. ಕೂದಲು ಸುಟ್ಟ ವಾಸನೆಗೆ ಕಾಲುಚೀಲದ ವಾಸನೆ ಸೇರಿ, ಅದಕ್ಕೆ ಬೇವಿನ ಹಿಂಡಿ ಬೆರೆತರೆ ಹೇಗಿರುತ್ತದೋ ಹಾಗೆ. ಆ ಹೊಗೆ ನಿಜಕ್ಕೂ ವಿಷ ಎಂದು ತಿಳಿದವರೊಬ್ಬರು ಆಮೇಲೆ ಹೇಳಿದರು. ವಿಡಿಯೋದವನು ಡೇಂಜರ್ ಎಂದದ್ದು ಕಂಪನಿಯ ತಂತ್ರವಾಗಿರಲಿಲ್ಲ. ಆಲೆಮನೆಗೆ ಗೋಡೆ ಇಲ್ಲದ್ದರಿಂದ ನಾವೆಲ್ಲ ಬದುಕಿದೆವು. ಆದರೆ ಕಬ್ಬಿನ ಹಾಲಿಗೆ ಎದ್ದು ಓಡಿಹೋಗಲು ಕಾಲಿಲ್ಲವಲ್ಲ! ಮಾದೇಶ ಕೊಪ್ಪರಿಗೆಗೆ ಬಗ್ಗಿ, ಸೌಟಿನ ತುದಿಯಲ್ಲಿ ಒಂದಿಷ್ಟು ಪಾಕ ನೆಕ್ಕಿ ನೋಡಿದ. ಅವನ ಮುಖ ನಾನು ಮರೆಯುವಂತಿಲ್ಲ.

"ಬಾವ! ಬೆಲ್ಲ ನಾರ್ತೈತೆ!"

"ಆರಿದ್ಮೇಲೆ ಓಯ್ತದೆ," ಎಂದೆ.

"ಓಗಾಕಿಲ್ಲ ಬಾವ! ಇದು ಹಬ್ಬದ ಆರ್ಡರು! ಅಕ್ಕಾ, ಬಾವುಂಗೆ ಯೋಳಕ್ಕಾ!"

ಸರೋಜ ಉತ್ತರ ಕೊಡುವ ಮೊದಲೇ ಮರದ ಕಡೆಯಿಂದ "ಪೊಲೀಸು!" ಎಂದು ಒಂದು ದನಿ ಎದ್ದಿತು. ತಿರುಗಿ ನೋಡುವಷ್ಟರಲ್ಲಿ ಹುಣಸೆಮರದ ಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ಕಬ್ಬಿನ ಗರಿ ಮಾತ್ರ ಅಲ್ಲಾಡುತ್ತಿತ್ತು.

ಜೀಪಿನಿಂದ ಒಬ್ಬ ಸಬ್ ಇನ್‌ಸ್ಪೆಕ್ಟರು, ಒಬ್ಬ ಕಾನ್‌ಸ್ಟೇಬಲ್ಲು ಇಳಿದರು. ಇನ್‌ಸ್ಪೆಕ್ಟರು ಲಾಠಿಯ ತುದಿಯಿಂದ ಗೋಣಿ ಸರಿಸಿ ಬಕೆಟ್ ನೋಡಿದರು.

"ಸಾರಾಯಮಾ?"

ಸಾರಾಯಿಯಾ ಎಂದು ಕೇಳುತ್ತಿದ್ದಾರೆ! ಅಷ್ಟು ಹೊತ್ತಿಗೆ ಮರ, ಟವೆಲು, ಬಾಟಲಿ ಎಲ್ಲವೂ ಒಟ್ಟಿಗೆ ನನಗೆ ಅರ್ಥವಾದವು. ಹೆದರಿಕೆಗೆ ನನ್ನ ತಮಿಳೇ ಮರೆತುಹೋಯಿತು. ಹುಟ್ಟಿದಂದಿನಿಂದ ಆಡಿದ ಭಾಷೆ! "ಇಲ್ಲಾ ಸಾರ್, ಅಲ್ಲಾ ಸಾರ್, ನೂಲು ಸಾರ್," ಎಂದು ಕನ್ನಡದಲ್ಲೇ ಬಡಬಡಿಸಿದೆ.

ಅವರ ಹುಬ್ಬು ಮೇಲೇರಿತು. "ಕರ್ನಾಟಕಾವಾ? ಬಾರ್ಡರ್ ದಾಟಿ ಬಂದು ಇಲ್ಲಿ ಕಾಯಿಸ್ತಿದ್ದೀಯಾ?"

"ಸೇಲಂ ಸಾರ್, ಸೇಲಂ!" ಎಂದು ಮಾದೇಶ ನಡುವೆ ಬಂದ. ತಮಿಳಿನಲ್ಲಿ ನನ್ನ ಪರಿಚಯ ಹೇಳಿದ. ತನ್ನ ಅಕ್ಕನ ಗಂಡ ಎನ್ನಲು ಯಾಕೋ ಸ್ವಲ್ಪ ತಡವರಿಸಿದ.

ಕಾನ್‌ಸ್ಟೇಬಲ್ಲು ಅನುಭವಸ್ಥ. ಬಕೆಟ್ಟಿಗೆ ಬಗ್ಗಿ ಒಂದು ಉಸಿರು ಎಳೆದ. ಎಳೆದವನು ಹಾಗೇ ಹಿಂದಕ್ಕೆ ಹೋಗಿ ಕಂಬ ಹಿಡಿದುಕೊಂಡ.

"ಸಾರ್, ಸಾರಾಯಿ ಅಲ್ಲ ಇದು," ಎಂದ, ಮಾತು ಬಂದ ಮೇಲೆ. "ಅದಕ್ಕಿಂತ ಕೆಟ್ಟದ್ದು."

ನನ್ನ ಮೇಲಿನ ಒಂದು ಅನುಮಾನ ಹೋಯಿತಲ್ಲ ಎಂದು ಸಂತೋಷಪಡುವಷ್ಟರಲ್ಲಿ ನೂರು ಅನುಮಾನ ಹುಟ್ಟಿದವು. ಪಟಾಕಿ ಮದ್ದಾ? ಮಾತ್ರೆ ಪುಡಿಯಾ? ಕಳ್ಳಮಾಲು ಕರಗಿಸುತ್ತಿದ್ದೀಯಾ? ನಾನು ಕೈಮುಗಿದು, ಸಿಕ್ಕಿದಷ್ಟು ತಮಿಳನ್ನು ಒಟ್ಟುಗೂಡಿಸಿ, ಸ್ವೆಟರು, ಗಾಳಿ, ಹಬೆ, ಕಣ್ಣಿಗೆ ಕಾಣದ ತೂತು ಎಲ್ಲವನ್ನೂ ವಿವರಿಸಿದೆ. 'ಕಣ್ಣಿಗೆ ಕಾಣದ' ಎಂದಾಗ ಇನ್‌ಸ್ಪೆಕ್ಟರು ಕಾನ್‌ಸ್ಟೇಬಲ್ಲಿನ ಮುಖ ನೋಡಿದರು.

"ಡ್ರಮ್ ತೆಗಿ."

"ಸಾರ್, ಇವಾಗ ಬ್ಯಾಡ ಸಾರ್. ಬಿಸಿ ಇರೋವಾಗ ತೆಗೆದ್ರೆ ಗಾಳಿ ಒಳಿಕ್ಕೋಗ್ತದೆ."

"ಹೋದ್ರೆ?"

"ಒಳಗಿರೋದೆಲ್ಲಾ ಬೂದಿ ಆಗ್ತದೆ ಸಾರ್. ನಾಳೆ ತೆಗೀಬೋದು."

"ಅಂದ್ರೆ, ತೆಗೆದ ತಕ್ಷಣ ಸಾಕ್ಷಿ ನಾಶ ಆಗೋ ಹಾಗೆ ವ್ಯವಸ್ಥೆ ಮಾಡಿದ್ದೀಯಾ!" ಎಂದರು ಇನ್‌ಸ್ಪೆಕ್ಟರು. ಅವರ ದನಿಯಲ್ಲಿ ಮೆಚ್ಚುಗೆಯೂ ಸ್ವಲ್ಪ ಇತ್ತು.

ಕಾನ್‌ಸ್ಟೇಬಲ್ಲು, ಮಾದೇಶ ಸೇರಿ ಗೂಟದಿಂದ ಡ್ರಮ್ಮನ್ನು ಹೊರಗೆಳೆದು, ಸಲಾಕೆಯಿಂದ ಮುಚ್ಚಳ ಮೀಟಿದರು. ನಾನು ಬಗ್ಗಿ ನೋಡಿದೆ.

ಅಲ್ಲಿತ್ತು! ಸ್ವೆಟರು ಸ್ವೆಟರಾಗಿಯೇ ಇತ್ತು. ಹೆಣಿಗೆಯ ಒಂದು ಕಣ್ಣೂ ಕಳಚಿರಲಿಲ್ಲ. ತೋಳು, ಕುತ್ತಿಗೆಪಟ್ಟಿ, ಎದೆಯ ಮೇಲಿನ ಹೂವು, ಎಲ್ಲವೂ ಕಾಡಿಗೆಯಲ್ಲಿ ನೇಯ್ದ ಹಾಗೆ ಕಪ್ಪ ಕಪ್ಪಗೆ. ನೂಲಿನೊಡನೆ ಇಷ್ಟು ವರ್ಷ ಬಾಳಿದ ನನಗೆ ಅಷ್ಟು ಚೆಂದದ ಕಪ್ಪು ಕಂಡ ನೆನಪಿಲ್ಲ. "ಆಯ್ತು! ನೋಡ್ರಿ, ಆಯ್ತು!" ಎಂದು ಕೂಗಿದೆ.

ಕೂಗು ಮುಗಿಯುವ ಮೊದಲೇ ಸ್ವೆಟರಿನ ಅಂಚಿನಲ್ಲಿ ಕೆಂಪು ಕಿಡಿಯೊಂದು ಕಂಡಿತು. ಅದು ಇರುವೆ ಸಾಲಿನ ಹಾಗೆ ಎಳೆಯಿಂದ ಎಳೆಗೆ ಹರಿದು, ತೋಳಿಗೆ ಹತ್ತಿ, ಹೂವಿಗೆ ಹತ್ತಿ, ಕುತ್ತಿಗೆ ಸುತ್ತಿತು. ಹೊಲದ ಗಾಳಿ ಒಂದು ಸಲ ಬೀಸಿತು. ಡ್ರಮ್ಮಿನಲ್ಲಿ ಉಳಿದದ್ದು ಒಂದು ಬೊಗಸೆ ಬೂದಿ.

"ಸಾಕ್ಷಿ ಹೋಯ್ತು ಸಾರ್," ಎಂದ ಕಾನ್‌ಸ್ಟೇಬಲ್ಲು.

"ಸ್ವೆಟರ್ ಓಯ್ತು," ಎಂದಳು ಸರೋಜ. ಅವಳ ಅನುಮಾನಕ್ಕೂ ಇದ್ದದ್ದು ಅದೊಂದೇ ಸಾಕ್ಷಿ.

ಇನ್‌ಸ್ಪೆಕ್ಟರು ನನ್ನ ಭುಜ ಹಿಡಿದರು. "ಸ್ಟೇಷನ್ನಿಗೆ ನಡಿ. ಅಲ್ಲಿ ನಿಧಾನವಾಗಿ ಹೇಳುವೆಯಂತೆ."

ಮಾದೇಶ ತಲೆ ತಗ್ಗಿಸಿದ. ಕಬ್ಬಿನ ಸಂದಿಯಿಂದ ಊರೆಲ್ಲ ನೋಡುತ್ತಿತ್ತು. ಆಗ ಸರೋಜ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಅವಳು ಆಡಿದ್ದು ತಮಿಳಿನಲ್ಲಿ, ಆದರೆ ಆ ತಮಿಳಿನಲ್ಲಿ ಅನುಮಾನದ ಸುಳಿವೂ ಇರಲಿಲ್ಲ.

"ಸಾರ್, ಒಂದು ನಿಮಿಷ. ಇವರು ಸಾರಾಯಿ ಕಾಯಿಸ್ತಾರೆ ಅಂತೀರಾ? ಕಳ್ಳಮಾಲು ಮಾಡ್ತಾರೆ ಅಂತೀರಾ? ಅದಕ್ಕೆಲ್ಲ ಕೈಲಿ ಕೆಲಸ ಬರಬೇಕು ಸಾರ್!"

"ಅಂದ್ರೆ?"

"ಇವರು ಮಿಕ್ಸಿ ರಿಪೇರಿ ಮಾಡಿದ್ರು. ಇವಾಗ ಅದು ಚಟ್ನಿ ಅರೆಯಲ್ಲ, ಗೋಡೆಗೆ ಬಳೀತದೆ. ಬಚ್ಚಲ ನಲ್ಲಿ ಸರಿ ಮಾಡಿದ್ರು. ಅದನ್ನ ತಿರುಗಿಸಿದ್ರೆ ಅಡಿಗೆಮನೇಲಿ ನೀರು ಬರ್ತದೆ. ಫ್ಯಾನ್ ಬಿಚ್ಚಿ ಕೂಡಿಸಿದ್ರು. ಅವತ್ತಿಂದ ಅದು ಗಾಳಿ ಕೆಳಗೆ ಬಿಡಲ್ಲ, ಮೇಲಕ್ಕೆ ಎಳ್ಕೊಳ್ತದೆ. ನಮ್ಮ ಮನೇಲಿ ಪೇಪರ್ ಮೇಲೆ ಭಾರ ಇಡೋದು ಹಾರಿ ಬೀಳ್ಬಾರ್ದು ಅಂತಲ್ಲ, ಹಾರಿ ಅಂಟಿಕೊಳ್ಬಾರ್ದು ಅಂತ. ಇವರು ಸುಡ್ತೀನಿ ಅಂದ್ರಲ್ಲ, ಅದೇ ನಿಜ ಸಾರ್. ಇವರಿಗೆ ಬರೋದು ಅದೊಂದೇ. ಬೇಕಾದ್ರೆ ನನ್ನ ಕುಕ್ಕರ್ ನೋಡಿ."

ಇನ್‌ಸ್ಪೆಕ್ಟರು ಕುಕ್ಕರಿನ ಹತ್ತಿರ ಹೋದರು. ಅದರ ರಬ್ಬರು ಕರಗಿ ಹೊರಗೆ ನಾಲಗೆ ಚಾಚಿತ್ತು. ಪೈಪಿಗೆ ಸುತ್ತಿದ ನೂಲು ಬಿಚ್ಚಿ ನೇತಾಡುತ್ತಿತ್ತು. ಇಡೀ ಯಂತ್ರ ಒಮ್ಮೆ ಬಿಕ್ಕಳಿಸಿ, ವಾಲಿ, ಮೂರು ಕಲ್ಲಿನ ನಡುವೆ ಮಗುಚಿಕೊಂಡಿತು. ಅವರು ಯಂತ್ರ ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿದ್ದ ಅನುಮಾನ ಕರಗಿ, ಅದರ ಜಾಗದಲ್ಲಿ ಇನ್ನೇನೋ ಬಂತು. ಕರುಣೆ ಇರಬೇಕು. ಅದು ನನ್ನ ಮೇಲಲ್ಲ.

"ಎಷ್ಟು ವರ್ಷ ಆಯ್ತಮ್ಮ ಮದುವೆಯಾಗಿ?" ಎಂದು ಅವಳನ್ನು ಕೇಳಿದರು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕರ್ಕೊಂಡು ಹೋಗಮ್ಮ," ಎಂದರು ಇನ್‌ಸ್ಪೆಕ್ಟರು. ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಏನನ್ನೂ ಮಾಡಬೇಡ," ಎಂದರು. ಸಾರಾಯಿ ಮಾಡಬೇಡ ಎಂದಲ್ಲ, ಸ್ವೆಟರ್ ಸುಡಬೇಡ ಎಂದಲ್ಲ. ಏನನ್ನೂ ಮಾಡಬೇಡ!

ನಿರಪರಾಧಿ ಎಂದು ಬಿಡುಗಡೆಯಾದವರಿದ್ದಾರೆ. ಸಾಕ್ಷಿ ಸಾಲದೆ ಬಿಡುಗಡೆಯಾದವರಿದ್ದಾರೆ. ಕೈಲಾಗದವನು ಎಂದು ಸಾಬೀತಾಗಿ ಬಿಡುಗಡೆಯಾದವನು ಇಡೀ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಸ್ಟೇಷನ್ನಿಗೆ ಹೋಗಿದ್ದರೆ ಊರಿನಲ್ಲಿ ಒಂದು ಹೆಸರಾದರೂ ಉಳಿಯುತ್ತಿತ್ತು. ಬಾಟಲಿಯವರು ಕಬ್ಬಿನಿಂದ ಎದ್ದು ಬಂದು ನನ್ನನ್ನು ನೋಡಿದ ನೋಟ ಇನ್‌ಸ್ಪೆಕ್ಟರ ಲಾಠಿಗಿಂತ ಜೋರಾಗಿ ಬಿತ್ತು.

ಮಾದೇಶ ನಾರುವ ಪಾಕವನ್ನು ಕೊಪ್ಪರಿಗೆಯಿಂದ ಬಾಚಿ ಬಾಚಿ ಗುಂಡಿಗೆ ಸುರಿಯುತ್ತಿದ್ದ. ಆ ದಿನದ ಅವನ ದುಡಿಮೆಯೆಲ್ಲ ಅದು. ನಾನು ಹತ್ತಿರ ಹೋಗಿ, "ಬೆಲ್ಲದ ನಷ್ಟ ನಾನು ಕಟ್ಟಿಕೊಡ್ತೀನಪ್ಪ. ಬಾ, ಗುಂಡಿ ಮುಚ್ಚಕ್ಕೆ ಒಂದು ಕೈ ಆಕ್ತೀನಿ," ಎಂದೆ.

ಅವನು ಸನಿಕೆಯನ್ನು ಎದೆಗೆ ಅವಚಿಕೊಂಡ. "ನೀವು ಅಲ್ಲೇ ನಿಂತ್ಕೊಳ್ಳಿ ಬಾವ. ಅದೇ ದೊಡ್ಡ ಸಹಾಯ," ಎಂದ.

ಸಂಜೆ ಸೇಲಂ ಬಸ್ಸು ಹತ್ತಿದೆವು. ಸರೋಜ ಮುಂದೆ ಹೋಗಿ, ಮಲ್ಲಿಗೆ ಹೂವಿನ ಬುಟ್ಟಿಯವಳ ಪಕ್ಕ ಕೂತಳು. ನಾನು ಹಿಂದಿನ ಸೀಟಿನಲ್ಲಿ ಕೂತೆ. ನನ್ನ ಪಕ್ಕ ಇದ್ದವನು ಎರಡು ಸಲ ಮೂಗೆಳೆದು ಎದ್ದು ಹೋದ. ಮುಂದಿನ ಸಾಲಿನವರು ಕಿಟಕಿ ತೆರೆದರು. ಆಮೇಲೆ ಅವರೂ ಎದ್ದರು. ಹೂವಿನವಳು ಹಿಂದೆ ತಿರುಗಿ ನನ್ನನ್ನೇ ನೋಡಿ, ಮೂಗಿಗೆ ಸೆರಗು ಹಿಡಿದು ಸರೋಜಳ ಕಿವಿಯಲ್ಲಿ ಏನೋ ಕೇಳಿದಳು. ಸರೋಜ ತಿರುಗಿ ನೋಡಲೂ ಇಲ್ಲ.

"ತೆರಿಯಾದುಂಗ," ಎಂದಳು. ಗೊತ್ತಿಲ್ಲ. "ಯಾರೋ, ಪಾವಂ." ಯಾರೋ, ಪಾಪ!

ಕಂಡಕ್ಟರ್ ಬಂದ. ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈ ಚಾಚಿದ. "ಸೇಲಂ ಎರಡು," ಎಂದೆ.

ಅವನು ನನ್ನ ಸುತ್ತ ಖಾಲಿ ಬಿದ್ದಿದ್ದ ಸೀಟುಗಳನ್ನು ನೋಡಿದ. "ಇನ್ನೊಂದು ಯಾರಿಗೆ?"

ನಾನು ಮುಂದಕ್ಕೆ ಬೆರಳು ತೋರಿಸಿದೆ. ಕಂಡಕ್ಟರ್ ಅವಳ ಹತ್ತಿರ ಹೋಗಿ ವಿಚಾರಿಸಿ ಬಂದ. ಅವನ ಮುಖ ಗಂಟಿಕ್ಕಿತ್ತು.

"ಆ ಅಮ್ಮ ಅವರ ಟಿಕೆಟ್ ಅವರೇ ತಗೊಂಡ್ರು, ನಿಮ್ಮನ್ನ ಗೊತ್ತೇ ಇಲ್ವಂತೆ. ಊರಲ್ಲಿ ಎಂಗಸ್ರು ಒಬ್ಬೊಬ್ರೇ ಓಡಾಡೋ ಕಾಲ, ವಯಸ್ಸಾದೋರು ನೀವು, ಸ್ವಲ್ಪ ಮರ್ಯಾದೆಯಿಂದ ಕೂತ್ಕೊಳ್ಳಿ ಪೆರಿಯವರೇ," ಎಂದ. ಸೇಲಂ ಬರುವವರೆಗೂ ಅವನು ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ.